ಅರ್ಥ ಆಯ್ತು ಅಂದರೆ ಕರೆಂಟು ಹೋಗುವ ಬೀದಿ

ನಾನು ಒಂದೇ ಒಂದು ವಾಕ್ಯ ಹೇಳಿ ನಮ್ಮೂರಿನಲ್ಲಿ ಸೂರ್ಯನಿಗೆ ಮೂರು ದಿನ ರಜೆ ಕೊಡಿಸಿದವನು. ನಗಬೇಡಿ. ಆ ಮೂರು ದಿನ ಊರಿನ ಬಲ್ಬುಗಳು ಎಷ್ಟು ಜೋರಾಗಿ ಉರಿದವೆಂದರೆ, ಸೂರ್ಯ ಬೆಳಿಗ್ಗೆ ಗುಡ್ಡದ ಹಿಂದಿನಿಂದ ಒಂದು ಸಲ ಇಣುಕಿ, ಇಲ್ಲಿ ನನಗೇನೂ ಕೆಲಸವಿಲ್ಲ ಎಂದುಕೊಂಡು ವಾಪಸು ಹೋದ. ಬಲ್ಬೇ ಹಾಕಿರದ ಹೋಲ್ಡರುಗಳು ಉರಿದವು. ಅಂಗಡಿಯಲ್ಲಿ ರಟ್ಟಿನ ಡಬ್ಬದೊಳಗೆ ಮಲಗಿದ್ದ ಟ್ಯೂಬ್‌ಲೈಟುಗಳು ಉರಿದವು. ಹೊಲದ ಸೂರ್ಯಕಾಂತಿಗಳೆಲ್ಲ ಕತ್ತು ತಿರುಗಿಸಿ ನಮ್ಮ ಆಪ್ತಸಮಾಲೋಚನಾ ಕೇಂದ್ರದ ಕಡೆ ನೋಡುತ್ತ ನಿಂತವು. ಊರಿನ ಕೋಳಿಗಳಿಗೆ ಅವತ್ತು ತಪ್ಪಿದ ಲೆಕ್ಕ ಇನ್ನೂ ಸರಿಹೋಗಿಲ್ಲ, ಈಗಲೂ ಮಧ್ಯಾಹ್ನ ಊಟದ ಹೊತ್ತಿಗೆ ಕೂಗುತ್ತವೆ.

ಮೊನ್ನೆ ಹೊಸ ಬ್ಯಾಚಿನ ಮಕ್ಕಳ ಮುಂದೆ ನಾನು ಮಾತು ಶುರು ಮಾಡಿದ್ದು ಹೀಗೆ. ನಮ್ಮ ಸರ್ವಮಂಗಳಾ ಮೇಡಂ, ಅಂದರೆ ಕೇಂದ್ರದಲ್ಲಿ ನಮಗೆ ತರಬೇತಿ ಕೊಟ್ಟವರು, ಮೊದಲ ಸಲ ನನಗೆ ಆ ಅವಕಾಶ ಕೊಟ್ಟಿದ್ದರು. "ತಿಪ್ಪೇಶ, ನಿನ್ನ ತರಬೇತಿ ಹೇಗಿತ್ತು ಅಂತ ಮಕ್ಕಳಿಗೆ ಸ್ವಲ್ಪ ಹೇಳಪ್ಪ. ಇದ್ದದ್ದು ಇದ್ದ ಹಾಗೆ ಹೇಳು" ಅಂದಿದ್ದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಯಾರು ಕೇಳುತ್ತಾರೆ? ಆದ್ದರಿಂದ ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನೀವೂ ಹೊರಗಿನವರು, ಮೊದಲು ಊರಿನ ವಿಷಯ ಒಂದು ತಿಳಿದಿರಲಿ.

ನಮ್ಮೂರಿನಲ್ಲಿ ಯಾರಾದರೂ ಅರ್ಥವಾಗದೆ "ಅರ್ಥ ಆಯ್ತು" ಅಂದರೆ ಆ ಬೀದಿಯ ಕರೆಂಟು ಹೋಗುತ್ತದೆ. ಸುಳ್ಳು ಸಣ್ಣದಾದರೆ ಕಾಫಿ ಕುಡಿಯುವಷ್ಟು ಹೊತ್ತು, ದೊಡ್ಡದಾದರೆ ಸಂಜೆಯವರೆಗೆ. ಹೇಳಿದವನು "ಇಲ್ಲ, ಅರ್ಥ ಆಗಿರಲಿಲ್ಲ" ಎಂದು ಬಾಯಿಬಿಟ್ಟು ಒಪ್ಪಿಕೊಂಡರೆ ತಕ್ಷಣ ಬರುತ್ತದಂತೆ. ಹಾಗೆ ಒಪ್ಪಿಕೊಂಡವರನ್ನು ಮಾತ್ರ ಊರಿನಲ್ಲಿ ಯಾರೂ ನೋಡಿರಲಿಲ್ಲ.

ಜನ ಹೊಂದಿಕೊಂಡಿದ್ದಾರೆ. ನಮ್ಮೂರ ಮೇಷ್ಟರುಗಳು ಪಾಠ ಮುಗಿಸಿ "ಅರ್ಥ ಆಯ್ತಾ?" ಎಂದು ಕೇಳುವುದಿಲ್ಲ, "ಬರ್ಕೊಂಡ್ರಾ?" ಎನ್ನುತ್ತಾರೆ. ಮದುವೆಯಾದ ಗಂಡಸರು "ಹ್ಞೂಂ" ಒಂದರಲ್ಲೇ ಸಂಸಾರ ದಡ ಮುಟ್ಟಿಸುತ್ತಾರೆ. "ಹ್ಞೂಂ" ಅಂದರೆ ಕರೆಂಟಿಗೆ ಏನೂ ಆಗುವುದಿಲ್ಲ. ಸೊಸೆಯ ಹತ್ತಿರ ಅತ್ತೆ ಅಪ್ಪಿತಪ್ಪಿ ಆ ಮಾತಾಡಿದರೆ ಪಕ್ಕದ ಮನೆಯ ಮಿಕ್ಸಿ ನಿಂತು, ಇಡೀ ಬೀದಿಗೆ ವಿಷಯ ತಿಳಿಯುತ್ತದೆ. ಎಲೆಕ್ಷನ್ನಿಗೆ ನಿಂತವರು "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ" ಅನ್ನದೆ ಇರಲಾರರು, ಪಾಪ, ಅದಕ್ಕೇ ಭಾಷಣಕ್ಕೆ ಬರುವಾಗ ಜನರೇಟರ್ ತರುತ್ತಾರೆ. ಜನರೇಟರ್ ಎಷ್ಟು ದೊಡ್ಡದೋ ನಾಯಕ ಅಷ್ಟು ದೊಡ್ಡವನು.

ಕರೆಂಟು ಹೋದಾಗಲೆಲ್ಲ ಲೈನ್‌ಮ್ಯಾನ್ ಓಬಳಪ್ಪ ಸೊಂಟಕ್ಕೆ ಬೆಲ್ಟು ಬಿಗಿದು ಆ ಬೀದಿಯ ಕಂಬ ಹತ್ತುತ್ತಾನೆ. ತಂತಿಗೆ ಏನೂ ಆಗಿಲ್ಲ ಎಂದು ಅವನಿಗೂ ಗೊತ್ತು, ಕೆಳಗೆ ನಿಂತವರಿಗೂ ಗೊತ್ತು. ಆದರೂ ಯಾರೋ ಒಬ್ಬರು ಹತ್ತಬೇಕು, ಉಳಿದವರು ಕೆಳಗೆ ನಿಂತು ಬೈಯಬೇಕು. ಕರೆಂಟು ಬರುವವರೆಗೆ ಅವನು ಬಿಸಿಲಲ್ಲಿ ಅಲ್ಲೇ ಕೂತಿರುತ್ತಾನೆ. ನಮ್ಮಪ್ಪನೂ ಅದೇ ಇಲಾಖೆಯವರು, ಬಹಳ ಎತ್ತರದ ಜಾಗದಲ್ಲಿದ್ದಾರೆ. ಆ ವಿಷಯ ಇಲ್ಲಿ ಬೇಡ.

ಇಂಥ ಊರಿನಲ್ಲಿ ಆಪ್ತಸಮಾಲೋಚನೆಯ ಎಂ.ಎಸ್ಸಿ. ಮಾಡುವುದೆಂದರೆ ಏನು ಅಂದುಕೊಂಡಿರಿ? ಪುಸ್ತಕ ಓದಿ ಪರೀಕ್ಷೆ ಬರೆದರೆ ಮುಗಿಯುವುದಿಲ್ಲ. ಕಷ್ಟ ಹೇಳಿಕೊಳ್ಳಲು ಬಂದ ನಿಜವಾದ ಜನರ ಎದುರು ಕೂರಬೇಕು, ಮೇಡಂ ಅದನ್ನು ನೋಡಬೇಕು, ಆಮೇಲೆ ತಪ್ಪು ತಿದ್ದಬೇಕು. ವಿಶ್ವವಿದ್ಯಾಲಯ ಇರುವುದು ನಾಲ್ಕು ಊರಿನಾಚೆ, ಕರೆಂಟಿಗೆ ನಾಚಿಕೆಯಿಲ್ಲದ ಜಾಗದಲ್ಲಿ. ಅವರು ಕಳಿಸಿದ ನಿಯಮದ ಪ್ರಕಾರ ಪ್ರತಿ ಭೇಟಿಯಲ್ಲೂ ನಾವು ಒಂದು ಸಲವಾದರೂ "ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಎನ್ನಬೇಕು. ಅದಕ್ಕೆ ಹತ್ತು ಅಂಕ, ಹೆಸರು 'ಸಹಾನುಭೂತಿ ವಾಕ್ಯ'. ಅಂದರೆ ಅಂಕ ಬೇಕಾದರೆ ಕರೆಂಟು ತೆಗೆಯಬೇಕು. ನಮ್ಮ ಕೇಂದ್ರಕ್ಕೆ ಬೀದಿಯವರು ಇಟ್ಟಿದ್ದ ಹೆಸರುಗಳನ್ನು ಇಲ್ಲಿ ಹೇಳಲು ಮರ್ಯಾದೆ ಅಡ್ಡ ಬರುತ್ತದೆ. ಎದುರಿನ ಜೆರಾಕ್ಸ್ ಅಂಗಡಿಯವನು "ಕೌನ್ಸೆಲಿಂಗ್ ರಜೆಯ ದಿನ ಮಾತ್ರ ಜೆರಾಕ್ಸ್" ಎಂದು ಬೋರ್ಡು ಬರೆಸಿಬಿಟ್ಟಿದ್ದ.

ಪುಸ್ತಕದಲ್ಲಿ ಹೇಳಿದ ಹಾಗೆ ಮೇಡಂ ಕೂರಬೇಕಾದ್ದು ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಹಿಂದೆ. ನಮ್ಮಲ್ಲಿ ಆ ಗಾಜು ಎಲ್ಲಿ ಬರಬೇಕು? ಹಳೇ ಸೊಳ್ಳೆ ಪರದೆ ಕಟ್ಟಿದ್ದರು. ಮೇಡಂ ಅದರ ಹಿಂದೆ ಕೂತು "ನಾನು ಇಲ್ಲಿ ಇಲ್ಲ ಅಂದ್ಕೊಳ್ಳಿ" ಅನ್ನುತ್ತಿದ್ದರು. ಬಂದವರು ಪರದೆಯ ಕಡೆ ಕೈಮುಗಿದು "ಮೇಡಮ್ಮೋರೆ, ತಿಂಡಿ ಆಯ್ತ್ರಾ?" ಎಂದು ಕೇಳಿಯೇ ಅಳಲು ಶುರು ಮಾಡುತ್ತಿದ್ದರು.

ನಾನು ನಮ್ಮ ಬ್ಯಾಚಿನ ಸಿಂಹ. ಉಳಿದವರು ಬಾಯಿ ಒಣಗಿಸಿಕೊಂಡು ಕೂರುತ್ತಿದ್ದಾಗ ನಾನು ಕಷ್ಟ ಹೇಳಲು ಬಂದವರಿಗೇ ನನ್ನ ಸಾಹಸ ಹೇಳಿ ಕಳಿಸುತ್ತಿದ್ದೆ. ಮೊದಲ ವಾರ ನಾವು ನಾವೇ ಅಭ್ಯಾಸ ಮಾಡುವಾಗ ನನ್ನ ಸಹಪಾಠಿ ಜೆಸಿಂತಾ ಕಷ್ಟ ಹೇಳುವವಳಾಗಿ ಕೂತಳು, ನಾನು ಕೇಳುವವನು. ಅವಳು ಏನೋ ಹೇಳಿದಳು. ನಾನು ಸಹಾನುಭೂತಿ ವಾಕ್ಯ ಹಾಕಿದೆ. ಪಟ್ಟನೆ ಕತ್ತಲೆ.

"ತಿಪ್ಪೇಶ, ಜೆಸಿಂತಾ ಏನು ಹೇಳಿದಳು?" ಪರದೆಯ ಹಿಂದಿನಿಂದ ಮೇಡಂ ಕೇಳಿದರು.

"ಅವಳಿಗೆ ದುಃಖ ಆಗಿದೆ ಮೇಡಂ."

"ಯಾತಕ್ಕೆ?"

"ದುಃಖದ ವಿಷಯಕ್ಕೆ ಮೇಡಂ."

"ಅವಳ ಅಕ್ಕ ಮೂರು ತಿಂಗಳಿಂದ ಮಾತು ಬಿಟ್ಟಿದ್ದಾಳೆ ಅಂದಳು. ನೀನು ನಿಮ್ಮಕ್ಕನ ಮದುವೆಗೆ ಬಂದಿದ್ದ ಬ್ಯಾಂಡ್‌ಸೆಟ್ಟಿನ ಕಥೆ ಹೇಳಿದೆ."

"ಅಕ್ಕ ಅನ್ನೋದು ಇಬ್ಬರಲ್ಲೂ ಬಂತಲ್ಲ ಮೇಡಂ" ಅಂದೆ. ಜೆಸಿಂತಾ ಕತ್ತಲಲ್ಲೇ ನಕ್ಕಳು. ಆ ಸಲ ಸಂಜೆಯವರೆಗೂ ಕರೆಂಟು ಬರಲಿಲ್ಲ.

ಈಗ ಕೊಟ್ರಮ್ಮನ ವಿಷಯಕ್ಕೆ ಬರುತ್ತೇನೆ. ನಮ್ಮ ಕೇಂದ್ರದ ಗೋಡೆಗೆ ಅಂಟಿಕೊಂಡೇ ಅವರ ಹಿಟ್ಟಿನ ಗಿರಣಿ. ಎರಡೂ ಕಟ್ಟಡ ಅವರದೇ, ನಾವು ಬಾಡಿಗೆಗಿದ್ದವರು. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಅವರೊಬ್ಬರೇ ನಡೆಸುತ್ತಿದ್ದರು. ಕರೆಂಟು ಹೋದಾಗೆಲ್ಲ ಕಲ್ಲಿನ ನಡುವೆ ಜೋಳ ಕಚ್ಚಿಕೊಂಡು ಪೂರ್ತಿ ಬಿಚ್ಚಿ ತೆಗೆಯಬೇಕಾಗುತ್ತಿತ್ತು. ಆಗ ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡ ಕೊಟ್ರಮ್ಮ ಬೀದಿಗೆ ಬಂದು ನಿಂತು, "ಯಾವನಲೇ ಅದು ಈಗ ಅರ್ಥ ಮಾಡ್ಕೊಂಡಿದ್ದು? ಹೊರಗೆ ಬಾ, ಮುಖ ನೋಡ್ಬೇಕು ನಿಂದು" ಅನ್ನುತ್ತಿದ್ದರು. ಹೊರಗೆ ಯಾರು ಹೋಗುತ್ತಾರೆ? ಜನರೇಟರ್ ಇಟ್ಟುಕೊಳ್ಳಿ ಎಂದು ಮೇಡಂ ಒಂದು ಸಲ ಮೆಲ್ಲಗೆ ಹೇಳಿದ್ದಕ್ಕೆ, "ಯಾಕವ್ವ, ನಾನೇನು ಎಲೆಕ್ಷನ್ನಿಗೆ ನಿಂತೀನಾ?" ಅಂದಿದ್ದರು.

ಒಂದು ದಿನ ಕೊಟ್ರಮ್ಮ ನೇರವಾಗಿ ಒಳಗೇ ಬಂದರು. "ಮೇಡಮ್ಮೋರೆ, ಸಾಕಾತು. ತಿಂಗಳ ಕೊನೆಗೆ ಜಾಗ ಖಾಲಿ ಮಾಡ್ರಿ."

ಇನ್ನೊಂದು ಬೀದಿಯವರು ನಮ್ಮನ್ನು ಸೇರಿಸುವ ಮಾತೇ ಇರಲಿಲ್ಲ. ಕೇಂದ್ರ ಮುಚ್ಚಿದರೆ ತರಬೇತಿ ಅರ್ಧಕ್ಕೆ ನಿಂತು ನಮ್ಮ ಯಾರಿಗೂ ಡಿಗ್ರಿ ಇಲ್ಲ. ಮೇಡಂ, "ಒಂದು ಸಲ ನೀವೇ ಬಂದು ಈ ಕುರ್ಚಿ ಮೇಲೆ ಕೂತ್ಕೊಳ್ಳಿ. ಏನಾದರೂ ಹೇಳ್ಕೊಳ್ಳಿ. ನಮ್ಮ ಒಬ್ಬ ವಿದ್ಯಾರ್ಥಿ ಕೇಳ್ತಾನೆ. ಆವಾಗ ಕರೆಂಟು ಹೋದರೆ ನಾವೇ ಗಂಟುಮೂಟೆ ಕಟ್ಟುತ್ತೇವೆ" ಅಂದರು.

ಕೊಟ್ರಮ್ಮ ನಮ್ಮನ್ನೆಲ್ಲ ಸಂತೆಯಲ್ಲಿ ಬದನೆಕಾಯಿ ನೋಡಿದ ಹಾಗೆ ಒಂದೊಂದಾಗಿ ನೋಡಿದರು. ಜೆಸಿಂತಾಳನ್ನು ಬಿಟ್ಟರು. ನನ್ನ ಹತ್ತಿರ ಬಂದು ನಿಂತರು. "ಈ ಬಡಾಯಿಕೋರನ್ನೇ ಕೊಡ್ರಿ" ಅಂದರು. ನನ್ನ ಕೀರ್ತಿ ಗಿರಣಿಯ ಗೋಡೆ ದಾಟಿ ಹೋಗಿತ್ತೆಂದು ನಾನು ಹಿಗ್ಗಿದೆ. ಜೆಸಿಂತಾ ತಲೆ ಮೇಲೆ ಕೈಹೊತ್ತು ಕೂತಳು.

ಆ ದಿನ ಬಂತು. ಬೀದಿಯ ಅರ್ಧ ಜನ ಕಿಟಕಿಗೆ ಮುಖ ಒತ್ತಿ ನಿಂತಿದ್ದರು, ಇನ್ನರ್ಧ ಜನ ಆ ಜನರ ಹೆಗಲ ಮೇಲೆ ನಿಂತಿದ್ದರು. ಮೂರು ಜಿಲ್ಲೆಗಳಿಂದ ಬಸ್ಸು ಮಾಡಿಕೊಂಡು ಬಂದಿದ್ದರು. ಜೆರಾಕ್ಸ್ ಅಂಗಡಿಯವನು ನನ್ನ ಮೇಲೆ ನಂಬಿಕೆಯಿಟ್ಟು ಮುಂಚೆಯೇ ಮೇಣದಬತ್ತಿ ಹಚ್ಚಿಟ್ಟಿದ್ದ. ಕೊಟ್ರಮ್ಮ ಕುರ್ಚಿಯಲ್ಲಿ ಕೂತರು. ಮೇಲೆ ಫ್ಯಾನು ತಿರುಗುತ್ತಿತ್ತು. ನಾನು ನನ್ನ ಕಣ್ಣನ್ನು ಅವರ ಕಣ್ಣಲ್ಲಿ ನೆಟ್ಟೆ. ಆ ನೋಟಕ್ಕೆ ಅವರ ಎದೆಯ ಬೀಗ ತಾನಾಗಿ ಕಳಚಿ ಕೆಳಗೆ ಬಿತ್ತು. ಸದ್ದು ನನಗೆ ಕೇಳಿಸಿತು. ಅವರು ಮಾತಾಡಿದರು, ಅತ್ತರು, ನೆಲದ ಮೇಲೆ ಕಣ್ಣೀರು ಹರಿದು ಮೇಡಂ ಪರದೆಯ ಹಿಂದೆ ಕಾಲು ಮೇಲೆತ್ತಿ ಕೂರಬೇಕಾಯಿತು. ಆಗ ನಾನು ಎದ್ದು ನಿಂತು, ಬಲಗೈಯನ್ನು ಹೀಗೆ ಮುಂದೆ ಚಾಚಿ, ಆ ವಾಕ್ಯ ಹೇಳಿದೆ. ಆಮೇಲೆ ಆದದ್ದೇ ಸೂರ್ಯನ ರಜೆ.

ಈ ಕಥೆಯನ್ನು ನಾನು ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಈ ಜಾಗಕ್ಕೆ ಬಂದಾಗ "ಆ ವಾಕ್ಯ ಹೇಳಿದೆ" ಎಂದಷ್ಟೇ ಹೇಳಿ ಮುಂದೆ ಹಾರುತ್ತಿದ್ದೆ. ಅದರಲ್ಲಿ ನನಗೆ ಅಭ್ಯಾಸವಿತ್ತು. ಆದರೆ ಮೊನ್ನೆ ಹೊಸ ಮಕ್ಕಳು ಬಾಯಿ ತೆರೆದು ಕೂತಿದ್ದರು. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಸಾರ್, ಅಷ್ಟು ದೊಡ್ಡ ದುಃಖ ನಿಮಗೆ ಒಂದೇ ಸಲಕ್ಕೆ ಹೇಗೆ ಗೊತ್ತಾಯ್ತು?" ಎಂದು ಕೇಳಿಬಿಟ್ಟಳು. ಸಾರ್ ಅಂದಳು ನೋಡಿ, ಅಲ್ಲೇ ಜಾರಿದ್ದು. ನಾನು ಎದೆಯುಬ್ಬಿಸಿ, "ನೋಡಮ್ಮ, ಅದೊಂದು ವರ. ಕೊಟ್ರಮ್ಮನ ನೋವು ನನಗೆ ಪೂರ್ತಿಯಾಗಿ ಅರ್ಥ ಆಯ್ತು" ಅಂದೆ.

ಫ್ಯಾನು ನಿಂತಿತು.

ಟ್ಯೂಬ್‌ಲೈಟು ಆರಿತು. ಗೋಡೆಯಾಚೆ ಗಿರಣಿ ಉಬ್ಬಸ ಬಂದವರ ಹಾಗೆ ಎಳೆದು ಎಳೆದು ನಿಂತಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು "ಎಲ್ಲೋ ಫ್ಯೂಸ್ ಹೋಗಿರಬೇಕು" ಅಂದೆ. ಸೊಳ್ಳೆ ಪರದೆಯ ಹಿಂದಿನಿಂದ ಒಂದು ಕೆಮ್ಮು ಬಂತು. ಮೇಡಂ ಅಷ್ಟು ಹೊತ್ತೂ ಅಲ್ಲೇ ಇದ್ದರು.

ಬೀದಿಯಿಂದ ದನಿ ಬಂತು. "ತಿಪ್ಪೇಶೀ! ಮತ್ತೆ ನನ್ನ ಕಥೆ ಹೇಳ್ತಾ ಇದೀಯೇನಲೇ?" ಬಾಗಿಲಲ್ಲಿ ಕೊಟ್ರಮ್ಮ ನಿಂತಿದ್ದರು, ಹುಬ್ಬಿನ ಮೇಲೂ ಹಿಟ್ಟು. "ಕಲ್ಲಿಗೆ ಜೋಳ ಕಚ್ಚೈತೆ. ಹೇಳು ಈಗ ಮಕ್ಕಳಿಗೆ, ಏನಾತು ಅಂತ."

ಕಿಟಕಿಯಾಚೆ ಓಬಳಪ್ಪ ಬೆಲ್ಟು ಬಿಗಿದುಕೊಂಡು ಕಂಬ ಹತ್ತುತ್ತಿದ್ದ. ಹೊರಗೆ ಜೆರಾಕ್ಸ್ ಅಂಗಡಿಯವನು ಬೈಗುಳ ಶುರು ಮಾಡಿದ್ದ. ನೆತ್ತಿ ಸುಡುವ ಬಿಸಿಲು. ಬೇರೆ ದಾರಿಯಿರಲಿಲ್ಲ, ಮಕ್ಕಳಿಗೆ ನಿಜ ಹೇಳಿದೆ.

ಓಬಳಪ್ಪ ನಮ್ಮಪ್ಪ. ಇಲಾಖೆಯಲ್ಲಿ ಎತ್ತರದ ಜಾಗ ಅಂದದ್ದು ಆ ಕಂಬದ ತುದಿ.

ಆ ದಿನ ನಡೆದದ್ದು ಇಷ್ಟು. ಕಿಟಕಿಯಲ್ಲಿ ಯಾವ ಜಿಲ್ಲೆಯ ಜನವೂ ಇರಲಿಲ್ಲ, ಒಂದು ಮೇಕೆ ಇತ್ತು. ಕೊಟ್ರಮ್ಮ ಕೂತರು. ಸಹಾನುಭೂತಿ ವಾಕ್ಯ ಹೇಳಿದರೆ ಕೇಂದ್ರ ಮುಚ್ಚುತ್ತದೆ, ಹೇಳದಿದ್ದರೆ ಅಂಕವಿಲ್ಲ. ಎಂದಿನ ಹಾಗೆ ನನ್ನ ಬಾಯಿ ತಾನೇ ಓಡಿತು. ನಾನು ಈಜಿ ದಾಟಿದ ಕೆರೆಗಳು, ನನ್ನನ್ನು ನೋಡಿ ಓಡಿದ ಚಿರತೆ, ಎಲ್ಲ ಹೇಳಿದೆ. ಅವರು ಎಲ್ಲ ಕೇಳಿದರು. ಕೊನೆಗೆ, "ನೀನು ಓಬಳಪ್ಪನ ಮಗ ಅಲ್ವೇನಪ್ಪ?" ಅಂದರು.

"ಹೌದು."

"ನೀನು ಇಲ್ಲಿ ಆ ಮಾತಾಡಿದಾಗೆಲ್ಲ ನಿಮ್ಮಪ್ಪ ಅಲ್ಲಿ ಕಂಬ ಹತ್ತುತಾನೆ. ನಾನೂ ಬೈದೀನಿ ಅವನಿಗೆ. ಮನೆಗೆ ಬಂದು ನಿನ್ನ ಏನಾರ ಅಂತಾನಾ?"

"ಏನೂ ಅನ್ನಲ್ಲ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಊಟಕ್ಕೆ ಕೂರ್ತಾರೆ."

"ಬೈದಿದ್ರೆ ಚೆನ್ನಾಗಿರ್ತಿತ್ತು ಅನ್ನಿಸ್ತೈತೆ, ಅಲ್ವಾ? ಅದಕ್ಕೇ ಹಿಂಗೆ ಏನೇನೋ ಬಡಬಡಿಸ್ತೀಯ. ಖಾಲಿ ಬಿಟ್ರೆ ಎಲ್ಲಿ ಆ ಮಾತು ಬಂದುಬಿಡ್ತದೋ ಅಂತ ಬಾಯಿ ತುಂಬಿಸಿಟ್ಕೊಂಡೀಯ. ಅರ್ಥ ಆತು ಬಿಡಪ್ಪ."

ನಾನು ಗಾಬರಿಯಾಗಿ ಮೇಲೆ ನೋಡಿದೆ. ಪರದೆಯ ಹಿಂದೆ ಮೇಡಂ ಕೂಡ ಮೇಲೆ ನೋಡಿದ್ದು ಕಂಡಿತು. ಫ್ಯಾನು ಮೊದಲಿನ ಹಾಗೇ, ಟಕ್ ಟಕ್ ಎಂದು ಸದ್ದು ಮಾಡಿಕೊಂಡು ತಿರುಗುತ್ತಿತ್ತು. ಯಾವ ಬಲ್ಬೂ ಜೋರಾಗಿ ಉರಿಯಲಿಲ್ಲ. ಏನೂ ಆಗಲಿಲ್ಲ. ನಮ್ಮೂರಿನಲ್ಲಿ ಆ ಮಾತು ಬಂದ ಮೇಲೆ ಏನೂ ಆಗದೆ ಇದ್ದದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಆ ವಾಕ್ಯ ಹೇಳಿದ್ದು ನಾನಲ್ಲ, ಅವರು. ಅತ್ತದ್ದು ಅವರಲ್ಲ, ನಾನು. ಅವರ ಸೆರಗಿಗೆ ಮುಖ ಒತ್ತಿ ಅತ್ತೆ. ಹೊರಗೆ ಬಂದಾಗ ಹಣೆಯೆಲ್ಲ ಹಿಟ್ಟಾಗಿತ್ತು, ಪೌಡರ್ ಹಚ್ಚಿದ್ದು ಅಂತ ಹೇಳಿಕೊಂಡೆ.

ಇಷ್ಟು ಹೇಳಿ ಫ್ಯಾನಿನ ಕಡೆ ನೋಡಿದೆ. ಅದು ಮಿಸುಕಲಿಲ್ಲ.

"ನಿನ್ನ ಕಥೆ ಆತು" ಅಂದರು ಕೊಟ್ರಮ್ಮ. "ನಂದು?"

ಅದನ್ನೂ ಹೇಳಿದೆ. ನನ್ನ ಅಳು ನಿಂತ ಮೇಲೆ ಅವರು ಹೇಳಿಕೊಂಡದ್ದು. ಗಂಡ ತೀರಿಕೊಂಡ ಸಂಜೆ ಹೆಣವನ್ನು ನಡುಮನೆಯಲ್ಲಿ ಮಲಗಿಸಿದ್ದರು. ಊರಿನವರೆಲ್ಲ ಬಂದರು. ಬಂದವರು ಒಬ್ಬರಾದ ಮೇಲೊಬ್ಬರು ಅವರ ಕೈಹಿಡಿದು, ನಿನ್ನ ಸಂಕಟ ನಮಗೆ ಅರ್ಥ ಆಗ್ತದೆ ಅಂದರು. ಬೇರೆ ದಿನಗಳಲ್ಲಿ ಜಾಣತನದಿಂದ ಹ್ಞೂಂ ಅನ್ನುವ ಜನವೇ, ಸಾವಿನ ಮನೆಯಲ್ಲಿ ನಾಲಿಗೆ ತಡೆಯಲಿಲ್ಲ. ಒಬ್ಬರದು ಮುಗಿದು ಕರೆಂಟು ಬರುವಷ್ಟರಲ್ಲಿ ಇನ್ನೊಬ್ಬರು. "ಅವರ ಮುಖಾನ ಕಡೇ ಸಲ ಸರಿಯಾಗಿ ನೋಡ್ಲಿಲ್ಲ ಕಣಪ್ಪ ನಾನು. ಯಾರೋ ಬ್ಯಾಟರಿ ಬಿಟ್ರು. ಮೂಗು ಕಾಣ್ತು" ಅಂದಿದ್ದರು. ನಾನು "ಇನ್ನೊಂದು ಸಲ ಹೇಳ್ತೀರಾ ಅಮ್ಮ?" ಅಂದೆ ಅಷ್ಟೇ. ಅವರು ಇನ್ನೊಂದು ಸಲ ಹೇಳಿದರು. ಮೇಡಂ ನನಗೆ ಸಹಾನುಭೂತಿ ವಾಕ್ಯಕ್ಕೆ ಸೊನ್ನೆ ಕೊಟ್ಟರು, ನಿಯಮ ನಿಯಮವೇ. ಉಳಿದದ್ದಕ್ಕೆ ಪಾಸು ಮಾಡಿದರು. ಕೊಟ್ರಮ್ಮ ಜಾಗ ಖಾಲಿ ಮಾಡಿ ಅನ್ನಲಿಲ್ಲ.

ಎಲ್ಲ ಹೇಳಿ ಮುಗಿಸಿದೆ. ಫ್ಯಾನು ಆಗಲೂ ನಿಂತೇ ಇತ್ತು. ಹೊಸ ಹುಡುಗಿ ನೋಟದಿಂದಲೇ ನನ್ನನ್ನು ಸಾರ್ ಸ್ಥಾನದಿಂದ ಕೆಳಗಿಳಿಸಿದ್ದಳು. ಕಂಬದ ಮೇಲೆ ನಮ್ಮಪ್ಪ ಟವೆಲ್ಲನ್ನು ತಲೆಗೆ ಹಾಕಿಕೊಂಡು ಏನನ್ನೂ ಮುಟ್ಟದೆ ಕೂತಿದ್ದರು.

"ಒಂದು ಮಾತು ಬಿಟ್ಟೆ ನೀನು" ಅಂದರು ಕೊಟ್ರಮ್ಮ. "ನನ್ನ ನೋವು ಅರ್ಥ ಆತು ಅಂದಿರ್ತೀಯ, ಅದಕ್ಕೇ ಕರೆಂಟು ಹೋಗಿದ್ದು. ಆಗೈತಾ?"

ಮೇಕೆ, ಚಿರತೆ, ಕಣ್ಣೀರು ಎಲ್ಲ ಸುಲಭವಾಗಿ ಬಂದಿತ್ತು. ಇದು ಕಲ್ಲಿನ ನಡುವಿನ ಜೋಳದ ಹಾಗೆ ಕಚ್ಚಿಕೊಂಡಿತು. ಕಿಟಕಿಯ ಕಡೆ ನೋಡಿದೆ. ಬಿಸಿಲು ನೋಡಿದೆ.

"ಇಲ್ಲಮ್ಮ" ಅಂದೆ. "ನನಗೆ ಅರ್ಥ ಆಗಲಿಲ್ಲ. ಅವತ್ತೂ ಆಗಲಿಲ್ಲ, ಇವತ್ತೂ ಆಗಿಲ್ಲ."

ಫ್ಯಾನು ಒಂದು ಸುತ್ತು ತಿರುಗಿತು, ಯೋಚನೆ ಮಾಡಿತು, ಮತ್ತೆ ತಿರುಗಿತು. ಟ್ಯೂಬ್‌ಲೈಟು ಕಣ್ಣು ಮಿಟುಕಿಸಿ ಹತ್ತಿತು.

"ಹಂಗಾದ್ರೆ ಗುರುವಾರ ಬರ್ತೀನಿ" ಅಂದರು ಕೊಟ್ರಮ್ಮ, ಕೈ ಕೊಡವಿಕೊಳ್ಳುತ್ತ. "ಇನ್ನೊಂದು ಸಲ ಹೇಳ್ತೀನಿ." ಕಲ್ಲು ಬಿಚ್ಚಲು ಗಿರಣಿಗೆ ಹೋದರು.

ನಮ್ಮಪ್ಪ ಕಂಬದಿಂದ ಇಳಿದರು. ಇಷ್ಟು ಬೇಗ ಇಳಿದು ಅವರಿಗೇ ಅಭ್ಯಾಸವಿರಲಿಲ್ಲ. ಕೆಳಗೆ ನಿಂತು ಒಂದು ಸಲ ತಂತಿ ನೋಡಿದರು, ಒಂದು ಸಲ ನಮ್ಮ ಕಿಟಕಿ ನೋಡಿದರು. ಸೂರ್ಯ ಎಂದಿನ ಜಾಗದಲ್ಲೇ ಇದ್ದ. ಅವನು ಯಾವತ್ತೂ ರಜೆ ಹಾಕಿದವನಲ್ಲ. ನಮ್ಮೂರ ಕೋಳಿಗಳೂ ಹೊತ್ತಿಗೆ ಸರಿಯಾಗೇ ಕೂಗುತ್ತವೆ.